ಪೆಟ್ಟಿಗೆಯ ಮೇಲಿನ ವ್ಯಾಟ್ ಓದುವುದು ಹೇಗೆ? ಹೋಮ್ ಥಿಯೇಟರ್ ರಿಸೀವರ್ ಕೊಳ್ಳುವವರಿಗೆ

ಸಕಲೇಶಪುರದ ಆಚೆ ತೋಟದ ಮನೆಯಲ್ಲಿರುವ ನಮ್ಮ ಅಕ್ಕ, ಭಾವ ಹೊಸದಾಗಿ ಹಾಲ್ ಕಟ್ಟಿಸಿದಾಗ ಒಂದು ಹೋಮ್ ಥಿಯೇಟರ್ ಸೆಟ್ ತಂದರು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1000 ವ್ಯಾಟ್ ಎಂದು ಬರೆದಿತ್ತು. ದೀಪಾವಳಿಗೆ ನೆಂಟರೆಲ್ಲ ಸೇರಿದಾಗ ಭಾವ ವಾಲ್ಯೂಮ್ ಏರಿಸಿದರು. ಸ್ವಲ್ಪ ಹೊತ್ತಿಗೆ ಮಾತೆಲ್ಲ ಕರಕರ ಎಂದು ಒಡೆಯತೊಡಗಿತು. ಆಮೇಲೆ ಎಡಗಡೆ ಸ್ಪೀಕರಿನಿಂದ ಸುಟ್ಟ ವಾರ್ನಿಷ್‌ನಂಥ ವಾಸನೆ ಬಂತು.

ಮರುದಿನ ನಾನು ಚಿಕ್ಕಮಗಳೂರಿನಿಂದ ಹೋಗಿ ನೋಡಿದೆ. ಸ್ಪೀಕರಿಗೆ ಕಿವಿ ಕೊಟ್ಟರೆ ದಪ್ಪ ಸದ್ದು ಬರುತ್ತಿತ್ತು, ತೆಳು ಸದ್ದು ಇಲ್ಲವೇ ಇಲ್ಲ. ಜಾಲರಿ ತೆಗೆದು ಟ್ವೀಟರಿನ (ತೆಳು ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಎರಡು ಕಡ್ಡಿಗೂ ಮಲ್ಟಿಮೀಟರ್ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. ಒಳಗಿನ ಕಾಯಿಲ್ ಸುಟ್ಟು ತುಂಡಾಗಿತ್ತು. ಆಮೇಲೆ ಯಂತ್ರವನ್ನು ತಿರುಗಿಸಿ, ಮೊಬೈಲ್ ಟಾರ್ಚ್ ಬಿಟ್ಟು, ಹಿಂದಿನ ತಗಡಿನ ಮೇಲಿದ್ದ ಸಣ್ಣ ಅಕ್ಷರ ಓದಿದೆ. 230 ವೋಲ್ಟ್, 50 ಹರ್ಟ್ಜ್, 135 ವ್ಯಾಟ್.

"ಭಾವ, ಒಳಗೆ ಹೋಗೋದು 135 ವ್ಯಾಟ್. ಹೊರಗೆ 1000 ಬರೋದು ಹೇಗೆ?" ಎಂದೆ. ಭಾವ ಆ ತಗಡನ್ನು ಎರಡು ಸಲ ಓದಿದರು. "ಇದನ್ನ ಅಂಗಡಿಯಲ್ಲೇ ತಿರುಗಿಸಿ ನೋಡಬೇಕಿತ್ತು" ಎಂದರು.

ಅಂದಿನಿಂದ ನೆಂಟರು, ಸ್ನೇಹಿತರು ರಿಸೀವರ್ (ಟಿವಿ, ಸಿನಿಮಾದ ಸದ್ದನ್ನು ಜೋರು ಮಾಡಿ ಸ್ಪೀಕರುಗಳಿಗೆ ಹಂಚುವ ಯಂತ್ರ) ಕೊಳ್ಳುವ ಮಾತೆತ್ತಿದರೆ ನಾನು ಇದನ್ನೇ ಕೂತು ಹೇಳುತ್ತೇನೆ. ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಗಣಿತ ಸ್ವಲ್ಪ ಇದೆ, ಆದರೆ ಕೂಡಿಸಿ ಕಳೆಯುವಷ್ಟೇ.

ಮೊದಲು ಮನೆ ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ. ಹಾಲಿನ ಉದ್ದ, ಅಗಲ, ಎತ್ತರ. ಜೊತೆಗೆ ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು: ಮುಂದಿನ ಸ್ಪೀಕರಿನಿಂದ ನೀವು ಕೂರುವ ಸೋಫಾಕ್ಕೆ ಎಷ್ಟು ಅಡಿ? ನಮ್ಮ ಕಡೆಯ ಪೇಟೆ ಮನೆಗಳಲ್ಲಿ ಇದು ಸಾಮಾನ್ಯವಾಗಿ 8ರಿಂದ 10 ಅಡಿ. ಹೆಂಚಿನ ಮಾಡಿನ ಹಳೇ ತೊಟ್ಟಿಮನೆ, ತೋಟದ ಬಂಗಲೆಗಳಲ್ಲಿ 14 ಅಡಿ ಆಗುವುದೂ ಉಂಟು. ಈ ಅಂಕಿ ಕೈಯಲ್ಲಿಲ್ಲದೆ ವ್ಯಾಟ್ ಮಾತಾಡುವುದು ತೋಟದ ಎಕರೆ ಗೊತ್ತಿಲ್ಲದೆ ಗೊಬ್ಬರ ತರಿಸಿದ ಹಾಗೆ.

ಪೂರ್ತಿ ಸಾಲು ಓದಿ, ಬರೀ ಅಂಕಿ ಓದಬೇಡಿ

ಕಾಫಿ ಮಾರುವವರಿಗೆ ಇದನ್ನು ಹೇಳುವುದು ಸುಲಭ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ 50 ಕೆಜಿ ಎಂದ ಮಾತ್ರಕ್ಕೆ ಬೆಲೆ ತೀರ್ಮಾನ ಆಗುವುದಿಲ್ಲ, ಅಲ್ವಾ? ಓಟಿ ಎಷ್ಟು ಎಂದು ಕೇಳುತ್ತಾರೆ. ಆ 50 ಕೆಜಿ ಹಲ್ ಮಾಡಿದರೆ, ಅಂದರೆ ಸಿಪ್ಪೆ ತೆಗೆದರೆ, ಕೈಗೆ ಸಿಗುವ ಕ್ಲೀನ್ ಕಾಫಿ 24 ಕೆಜಿಯೋ 28 ಕೆಜಿಯೋ ಎನ್ನುವುದರ ಮೇಲೆ ಲೆಕ್ಕ. ವ್ಯಾಟ್‌ಗೂ ಹಾಗೇ ಒಂದು ಓಟಿ ಇದೆ. ಅದು ಅಂಕಿಯ ಪಕ್ಕದಲ್ಲಿ ಆವರಣದೊಳಗೆ ಸಣ್ಣದಾಗಿ ಬರೆದಿರುತ್ತದೆ.

ಸಾಧಾರಣ ಬೆಲೆಯ ಒಂದು 7.2 ಚಾನೆಲ್ (ಏಳು ಸ್ಪೀಕರ್, ತಳದ ಸದ್ದಿಗೆಂದೇ ಇರುವ ಎರಡು ಸಬ್‌ವೂಫರ್ ಜೋಡಿಸಬಲ್ಲ) ರಿಸೀವರಿನ ಕೈಪಿಡಿ ತೆಗೆದರೆ ಇಂಥ ಮೂರು ಸಾಲು ಕಾಣಬಹುದು. ಮೊದಲನೆಯದು: 80 ವ್ಯಾಟ್, 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 0.08% ಟಿಎಚ್‌ಡಿ, 2 ಚಾನೆಲ್. ಎರಡನೆಯದು: 120 ವ್ಯಾಟ್, 6 ಓಮ್, 1 ಕಿಲೋಹರ್ಟ್ಜ್, 0.7%, 2 ಚಾನೆಲ್. ಮೂರನೆಯದು: 175 ವ್ಯಾಟ್, 6 ಓಮ್, 1 ಕಿಲೋಹರ್ಟ್ಜ್, 10%, 1 ಚಾನೆಲ್. ಯಂತ್ರ ಒಂದೇ. ಪೆಟ್ಟಿಗೆಯ ಮೇಲೆ ಮಾತ್ರ 175 ಅಚ್ಚಾಗಿರುತ್ತದೆ. ಏಳು ಚಾನೆಲ್ಲಿಗೆ ಅದನ್ನೇ ಗುಣಿಸಿ 1225 ವ್ಯಾಟ್ ಎಂದು ಹೇಳುವವರೂ ಇದ್ದಾರೆ.

ಹಾಗಾಗಿ ಪ್ರತಿ ಅಂಕಿಗೂ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಓಮ್‌ಗೆ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ)? ಯಾವ ಸ್ವರದಿಂದ ಯಾವ ಸ್ವರದವರೆಗೆ? ಸದ್ದು ಎಷ್ಟು ಕೆಡುವ ತನಕ? ಒಟ್ಟಿಗೆ ಎಷ್ಟು ಚಾನೆಲ್ ಓಡುವಾಗ?

ಎರಡನೇ ಪ್ರಶ್ನೆ ಜನರಿಗೆ ಬೇಗ ಅರ್ಥವಾಗುವುದಿಲ್ಲ. 20 ಹರ್ಟ್ಜ್ ಎಂದರೆ ಎದೆಗೆ ಗುದ್ದುವ ಗುಡುಗಿನಂಥ ತಳದ ಸದ್ದು. 20 ಕಿಲೋಹರ್ಟ್ಜ್ ಎಂದರೆ ಮನುಷ್ಯನ ಕಿವಿಯ ಮೇಲಿನ ಮಿತಿ. ಇವೆರಡರ ನಡುವೆ ಎಲ್ಲೇ ಅಳೆದರೂ ಇಷ್ಟು ವ್ಯಾಟ್ ಕೊಡುತ್ತೇನೆ ಎನ್ನುವುದು ಗಟ್ಟಿ ಮಾತು. 1 ಕಿಲೋಹರ್ಟ್ಜ್ ಎನ್ನುವುದು ನಡುವಿನ ಒಂದೇ ಒಂದು ಸ್ವರ. ಅಲ್ಲಿ ಯಂತ್ರಕ್ಕೆ ಕೆಲಸ ಹಗುರ.

ಮೂರನೆಯದು ಟಿಎಚ್‌ಡಿ. ಮೂಲದಲ್ಲಿ ಇಲ್ಲದ ಕಲಬೆರಕೆ ಸದ್ದು ಎಷ್ಟು ಸೇರಿಕೊಂಡಿತು ಎನ್ನುವುದರ ಅಳತೆ ಅದು. 0.1% ಒಳಗಿದ್ದರೆ ಕಿವಿಗೆ ತಿಳಿಯುವುದಿಲ್ಲ. 10% ಅಂದರೆ ಒಡೆದು ಹೋದ ಸದ್ದು. ಭಾವನ ಮನೆಯಲ್ಲಿ ಕರಕರ ಅಂದದ್ದು ಅದೇ. ಅಂದರೆ 10% ಎಂದು ಬರೆದ ವ್ಯಾಟ್ ನೀವು ಯಾವತ್ತೂ ಕೇಳಲು ಇಷ್ಟಪಡದ ವ್ಯಾಟ್.

ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಲೆಕ್ಕ) ಎಂಬ ಅಕ್ಷರ ಕಂಡರೆ ಆ ಅಂಕಿಯನ್ನು ಓದಲೇ ಬೇಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ವಿಧಾನ ಎಂಬುದೇ ಇಲ್ಲ. ಆರ್‌ಎಂಎಸ್ (ನಿರಂತರವಾಗಿ ಕೊಡುವ ಶಕ್ತಿ) ಎಂದು ಬರೆದಿದ್ದರೆ ಎಷ್ಟೋ ವಾಸಿ, ಆದರೆ ಅಲ್ಲೂ ಈ ನಾಲ್ಕು ಪ್ರಶ್ನೆ ಬಿಡಬೇಡಿ. ಭಾವನ ಸೆಟ್ಟಿನ 1000 ವ್ಯಾಟ್ ಪಕ್ಕವೂ ಆರ್‌ಎಂಎಸ್ ಎಂದೇ ಇತ್ತು.

ಈ ಗೋಳು ಹೊಸದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಒಂದು ನಿಯಮ ತಂದಿತು. ವ್ಯಾಟ್ ಜಾಹೀರಾತು ಮಾಡುವುದಾದರೆ ಓಮ್, ಸ್ವರದ ವ್ಯಾಪ್ತಿ, ಟಿಎಚ್‌ಡಿ ಎಲ್ಲ ಜೊತೆಗೇ ಹೇಳಬೇಕು ಎಂದಿತು. ಆದರೆ ಆ ಷರತ್ತುಗಳನ್ನು ಕಂಪನಿಯೇ ಆರಿಸಿಕೊಳ್ಳಬಹುದಿತ್ತು. 2024ರಲ್ಲಿ ಅದನ್ನೂ ಬಿಗಿ ಮಾಡಿದರು. ಈಗ ಅಲ್ಲಿ 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 1% ಒಳಗಿನ ಟಿಎಚ್‌ಡಿ ಎಂಬ ಒಂದೇ ಅಳತೆಗೋಲು. ಆದ್ದರಿಂದ ನಿಮಗೆ ಬೇಕಾದ ಮಾದರಿ ಅಲ್ಲೂ ಮಾರಾಟಕ್ಕಿದ್ದರೆ ಕಂಪನಿಯ ಅಮೆರಿಕದ ಪುಟ ತೆಗೆದು ಅಲ್ಲಿನ ವ್ಯಾಟ್ ನೋಡಿ. ನಮ್ಮ ಪೆಟ್ಟಿಗೆಯ ಮೇಲಿನ ಅಂಕಿಗೂ ಅದಕ್ಕೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ.

ಒಂದು ಪಂಪು, ಏಳು ಜೆಟ್

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಕೆರೆಗೆ ಪಂಪ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯುತ್ತೇವೆ. ಒಂದು ಜೆಟ್ ಮಾತ್ರ ತೆರೆದಿದ್ದರೆ ನೀರು ಎಷ್ಟು ದೂರ ಹಾರುತ್ತದೆ ನೋಡಿದ್ದೀರಿ. ಅದೇ ಪಂಪಿಗೆ ಏಳು ಜೆಟ್ ಹಾಕಿದರೆ? ಪ್ರೆಷರ್ ಕುಸಿಯುತ್ತದೆ. ಪ್ರತಿ ಜೆಟ್ಟಿನ ಕೆಳಗೆ ಒದ್ದೆಯಾಗುವ ಸುತ್ತು ಚಿಕ್ಕದಾಗುತ್ತದೆ.

ರಿಸೀವರಿನೊಳಗೆ ಏಳು ಆಂಪ್ಲಿಫೈಯರ್ ಇರಬಹುದು, ಆದರೆ ಸಾಮಾನ್ಯವಾಗಿ ಅವೆಲ್ಲಕ್ಕೂ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಒಂದೇ. ಎರಡು ಚಾನೆಲ್ ಓಡುವಾಗ ತಲಾ 80 ವ್ಯಾಟ್ ಕೊಡುವ ಯಂತ್ರ, ಏಳೂ ಚಾನೆಲ್ ಒಟ್ಟಿಗೆ ಪೂರ್ತಿ ಓಡಿದರೆ ತಲಾ 80 ಕೊಡಲಾರದು. ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಇದಕ್ಕೆ ಹೆದರಬೇಕಾಗಿಯೂ ಇಲ್ಲ. ಸಿನಿಮಾದಲ್ಲಿ ಏಳೂ ಸ್ಪೀಕರ್ ಒಂದೇ ಕ್ಷಣದಲ್ಲಿ ಒಂದೇ ಜೋರಿನಲ್ಲಿ ಕೂಗುವುದು ತೀರಾ ಅಪರೂಪ. ಮಾತೆಲ್ಲ ನಡುವಿನ ಸೆಂಟರ್ ಸ್ಪೀಕರಿನಲ್ಲಿ ಬರುತ್ತದೆ. ಸಂಗೀತ ಎಡ, ಬಲದಲ್ಲಿ. ಹಿಂದಿನವು ಹೆಚ್ಚಿನ ಹೊತ್ತು ಮಳೆ ಸದ್ದು, ಹಕ್ಕಿ ಸದ್ದಿನಷ್ಟೇ ಕೆಲಸ ಮಾಡುತ್ತವೆ. ಹಾಗಾಗಿ 2 ಚಾನೆಲ್ ಅಂಕಿ ಮೋಸದ ಅಂಕಿ ಅಲ್ಲ. ಹೋಲಿಸುವಾಗ ಎರಡು ಯಂತ್ರಕ್ಕೂ ಅದನ್ನೇ ಹಿಡಿದು ಹೋಲಿಸಿದರೆ ಸರಿ. ಒಂದರ 1 ಚಾನೆಲ್ ಅಂಕಿಯನ್ನು ಇನ್ನೊಂದರ 2 ಚಾನೆಲ್ ಅಂಕಿಯ ಪಕ್ಕ ಇಟ್ಟರೆ ಮಾತ್ರ ಲೆಕ್ಕ ತಪ್ಪುತ್ತದೆ.

ನಿಮಗೆ ನಿಜವಾಗಿ ಎಷ್ಟು ವ್ಯಾಟ್ ಬೇಕು?

ಇದು ನಾನು ಒತ್ತಿ ಹೇಳುವ ಭಾಗ. ಇಲ್ಲಿ ಹಣ ಉಳಿಯುತ್ತದೆ.

ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. 3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಮಾತ್ರ ಏರುತ್ತದೆ. ಕಿವಿಗೆ ಅದು "ಸ್ವಲ್ಪ ಜಾಸ್ತಿ" ಅನ್ನಿಸುತ್ತದೆ ಅಷ್ಟೆ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. 80 ವ್ಯಾಟ್ ರಿಸೀವರಿಗೂ 100 ವ್ಯಾಟ್ ರಿಸೀವರಿಗೂ ಇರುವ ವ್ಯತ್ಯಾಸ 1 ಡೆಸಿಬೆಲ್. ಆ 20 ವ್ಯಾಟ್‌ಗೆಂದೇ ಹತ್ತಾರು ಸಾವಿರ ಹೆಚ್ಚು ಕೊಡಬೇಡಿ.

ಈಗ ಸ್ಪೀಕರಿನ ಕಾಗದ ತೆಗೆಯಿರಿ. ಅದರಲ್ಲಿ ಸೆನ್ಸಿಟಿವಿಟಿ ಎಂದು 85, 88, 91 ಡೆಸಿಬೆಲ್ ಹೀಗೆ ಒಂದು ಅಂಕಿ ಇರುತ್ತದೆ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಬರುವ ಜೋರು ಅದು. ಸ್ಪೀಕರ್ 88 ಎಂದುಕೊಳ್ಳಿ, ಸೋಫಾ 10 ಅಡಿ, ಅಂದರೆ ಸುಮಾರು 3 ಮೀಟರ್. ಬಯಲಿನಲ್ಲಾದರೆ ಅಷ್ಟು ದೂರಕ್ಕೆ 9–10 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆ ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಅಷ್ಟು ಇಳಿಯುವುದಿಲ್ಲ. ನಾನು ಅಂದಾಜಿಗೆ 7 ಹಿಡಿಯುತ್ತೇನೆ. 88ರಲ್ಲಿ 7 ಕಳೆದರೆ 81. ಸೋಫಾದಲ್ಲಿ ಕೂತವರಿಗೆ 1 ವ್ಯಾಟ್‌ಗೆ 81 ಡೆಸಿಬೆಲ್.

ಎದುರು ಕೂತು ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಮನೆಯವರೆಲ್ಲ ಕೂತು ಚೆನ್ನಾಗಿ ಜೋರಾಗಿ ಸಿನಿಮಾ ನೋಡುವಾಗ ಸರಾಸರಿ 75 ಇರಬಹುದು. 75ಕ್ಕೆ ಬೇಕಾದದ್ದು ಕಾಲು ವ್ಯಾಟ್! ಹೌದು, ಕಾಲು ವ್ಯಾಟ್. ಆದರೆ ಸಿನಿಮಾದಲ್ಲಿ ಬಾಗಿಲು ಬಡಿದಾಗ, ಪಟಾಕಿ ಸಿಡಿದಾಗ ಕ್ಷಣಮಾತ್ರ 20 ಡೆಸಿಬೆಲ್ ಮೇಲೇರುತ್ತದೆ. ಅಂದರೆ 95. ಅದಕ್ಕೆ ನೂರು ಪಟ್ಟು ಬೇಕು, 25 ವ್ಯಾಟ್. 80 ವ್ಯಾಟ್ ಯಂತ್ರಕ್ಕೆ ಇದು ಆರಾಮ.

ಸ್ಪೀಕರ್ 85 ಆಗಿದ್ದರೆ ಅದೇ ಕ್ಷಣಕ್ಕೆ 50 ವ್ಯಾಟ್ ಬೇಕು. 91 ಆಗಿದ್ದರೆ 12 ಚಿಲ್ಲರೆ ಸಾಕು. ಸೆನ್ಸಿಟಿವಿಟಿ ಜಾಸ್ತಿ ಇರುವ ಸ್ಪೀಕರ್ ಆರಿಸಿದರೆ ರಿಸೀವರಿನ ವ್ಯಾಟ್ ಎರಡು ಪಟ್ಟು, ನಾಲ್ಕು ಪಟ್ಟು ಮಾಡಿದ ಹಾಗೆ. ಅಂಗಡಿಯಲ್ಲಿ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ. ನೀವೇ ಕೇಳಿ.

ಥಿಯೇಟರಿನಷ್ಟೇ ಜೋರು ಬೇಕು ಎನ್ನುವವರಿಗೂ ಲೆಕ್ಕ ಹೇಳುತ್ತೇನೆ. ಸಿನಿಮಾದ ರೆಫರೆನ್ಸ್ ಮಟ್ಟದಲ್ಲಿ (ಥಿಯೇಟರಿಗೆ ಗೊತ್ತುಮಾಡಿದ ಜೋರು) ಒಂದೊಂದು ಚಾನೆಲ್ 105 ಡೆಸಿಬೆಲ್ ತನಕ ಏರಬಹುದು. ಅದೇ ಸೋಫಾ, ಅದೇ 88ರ ಸ್ಪೀಕರ್ ಆದರೆ 250 ವ್ಯಾಟ್ ಬೇಕಾಗುತ್ತದೆ. ಮೈಕ್ ಇಟ್ಟು ಸೆಟಪ್ ಮಾಡಿದ ರಿಸೀವರಿನಲ್ಲಿ ವಾಲ್ಯೂಮ್ 0 ಡೆಸಿಬೆಲ್ ಎಂದರೆ ಈ ಮಟ್ಟ. ನಾನು ನೋಡಿದ ಮನೆಗಳಲ್ಲಿ −30ರಿಂದ −20ರ ನಡುವೆ ಇಟ್ಟು ಕೇಳುವವರೇ ಹೆಚ್ಚು. −20ರಲ್ಲಿ ಬೇಕಾಗುವ ವ್ಯಾಟ್ ನೂರರಲ್ಲಿ ಒಂದು ಪಾಲು, ಎರಡೂವರೆ.

ಓಮ್ ವಿಷಯ

ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ದಪ್ಪ ಪೈಪ್ ಹಾಕಿದರೆ ಪಂಪಿನಿಂದ ನೀರು ಜಾಸ್ತಿ ಹೋಗುವ ಹಾಗೆ. 8 ಓಮ್‌ಗೆ 80 ವ್ಯಾಟ್ ಕೊಡುವಾಗ ಸುಮಾರು 3 ಆಂಪಿಯರ್ ಹರಿಯುತ್ತದೆ. ಅದೇ ವೋಲ್ಟೇಜಿನಲ್ಲಿ 4 ಓಮ್ ಸ್ಪೀಕರ್ ಹಾಕಿದರೆ 6 ಆಂಪಿಯರ್ ಮೀರುತ್ತದೆ. ಬಡ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ, ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ರಿಸೀವರಿನ ಹಿಂದೆ ಸ್ಪೀಕರ್ ತಿರುಪುಗಳ ಹತ್ತಿರ ಎಷ್ಟು ಓಮ್ ತನಕ ಹಾಕಬಹುದು ಎಂದು ಬರೆದಿರುತ್ತದೆ. ಅದರೊಳಗೇ ಇರಿ. ದೊಡ್ಡ ಹಾಲ್, ಸಾಧಾರಣ ಬೆಲೆಯ ರಿಸೀವರ್ ಆದರೆ 8 ಓಮ್ ಸ್ಪೀಕರ್ ನೆಮ್ಮದಿ.

ಇಲ್ಲಿ ಒಂದು ಸಣ್ಣ ಬಲೆ ಇದೆ. ಕೆಲವು ಸ್ಪೀಕರುಗಳ ಸೆನ್ಸಿಟಿವಿಟಿಯನ್ನು 1 ವ್ಯಾಟ್‌ಗೆ ಬದಲು 2.83 ವೋಲ್ಟ್‌ಗೆ ಹೇಳಿರುತ್ತಾರೆ. 8 ಓಮ್‌ಗೆ ಅದು 1 ವ್ಯಾಟೇ. 4 ಓಮ್‌ಗೆ 2 ವ್ಯಾಟ್ ಆಗುತ್ತದೆ. ಆಗ 3 ಡೆಸಿಬೆಲ್ ಕಳೆದು ಓದಿ.

ಎತ್ತಿ ನೋಡಿ, ತಿರುಗಿಸಿ ನೋಡಿ

ಹಾಸನದ ಬಿ.ಎಂ. ರಸ್ತೆಯಲ್ಲಿರಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿರಲಿ, ಅಂಗಡಿಗೆ ಹೋದಾಗ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ನೋಡಲು ಕೇಳಿ. ಹಳೇ ಬಗೆಯ ಆಂಪ್ಲಿಫೈಯರಿನಲ್ಲಿ ತೂಕವೆಲ್ಲ ಟ್ರಾನ್ಸ್‌ಫಾರ್ಮರ್ ಮತ್ತು ಶಾಖ ಬಿಡುವ ಅಲ್ಯೂಮಿನಿಯಂ ರೆಕ್ಕೆಗಳದ್ದು. 8–9 ಕೆಜಿಯ ರಿಸೀವರಿಗೂ 15 ಕೆಜಿಯದಕ್ಕೂ ಏಳು ಚಾನೆಲ್ ಓಡಿಸುವ ಶಕ್ತಿಯಲ್ಲಿ ವ್ಯತ್ಯಾಸ ಇರುತ್ತದೆ. ಕ್ಲಾಸ್ ಡಿ (ಬೇರೆ ಬಗೆಯ ಆಂಪ್ಲಿಫೈಯರ್) ಎಂದು ಬರೆದ ಯಂತ್ರಕ್ಕೆ ಮಾತ್ರ ಈ ತೂಕದ ಲೆಕ್ಕ ಹಾಕಬೇಡಿ. ಅವು ಹಗುರವಾಗಿಯೇ ಇರುತ್ತವೆ.

ಆಮೇಲೆ ಹಿಂದಿನ ತಗಡು ಓದಿ. ಅಲ್ಲಿರುವ ವಿದ್ಯುತ್ ಬಳಕೆಯ ಅಂಕಿ ಸಾಮಾನ್ಯವಾಗಿ ಪೂರ್ತಿ ಜೋರಿನದಲ್ಲ, ಸಾಧಾರಣ ಬಳಕೆಯದು. ಕೆಪಾಸಿಟರಿನಲ್ಲಿ ಕೂಡಿಟ್ಟ ಕರೆಂಟಿನಿಂದ ಒಂದು ಕ್ಷಣ ಅದಕ್ಕಿಂತ ಜಾಸ್ತಿ ಹೊರಗೆ ಬರಬಹುದು. ಹಾಗಾಗಿ ಅದೇ ಕೊನೆಯ ಮಾತಲ್ಲ. ಆದರೆ ಒಳಗೆ 135, ಹೊರಗೆ 1000 ಎನ್ನುವ ಸೆಟ್ಟಿನ ಬಣ್ಣ ಬಯಲಾಗಲು ಅಷ್ಟು ಸಾಕು. ಇಂಥ ಒಂದೇ ಪೆಟ್ಟಿಗೆಯ ಸೆಟ್‌ಗಳಲ್ಲಿ, ಸೌಂಡ್‌ಬಾರ್‌ಗಳಲ್ಲಿ ಬರೆಯುವುದು ಎಲ್ಲ ಚಾನೆಲ್ಲಿನ ಮೊತ್ತ, ಹೆಚ್ಚಾಗಿ 10% ಟಿಎಚ್‌ಡಿಗೆ.

ಟ್ವೀಟರ್ ಯಾಕೆ ಸುಟ್ಟಿತು?

ಜಾಸ್ತಿ ವ್ಯಾಟ್ ಕೊಟ್ಟರೆ ಸ್ಪೀಕರ್ ಸುಡುತ್ತದೆ ಎಂದು ಎಲ್ಲರಿಗೂ ಗೊತ್ತು. ಕಡಿಮೆ ವ್ಯಾಟಿನ ಯಂತ್ರವನ್ನು ಮಿತಿ ಮೀರಿ ತಿರುಗಿಸಿದರೂ ಸುಡುತ್ತದೆ. ಯಂತ್ರದ ಶಕ್ತಿ ಮುಗಿದಾಗ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಆಗ ಮೂಲದಲ್ಲಿ ಇಲ್ಲದ ತೆಳು ಸದ್ದುಗಳು ಹುಟ್ಟಿ ಟ್ವೀಟರಿಗೆ ನುಗ್ಗುತ್ತವೆ. ಅದರ ಕಾಯಿಲ್ ಕೂದಲೆಳೆಯಷ್ಟು ತೆಳು, ಆ ಬಿಸಿ ತಡೆಯುವುದಿಲ್ಲ. ಸದ್ದು ಒಡೆಯತೊಡಗಿದ ಕ್ಷಣಕ್ಕೇ ವಾಲ್ಯೂಮ್ ಇಳಿಸಿ. ನೆಂಟರು ಇನ್ನೂ ಜೋರು ಬೇಕೆಂದರೂ ಇಳಿಸಿ.

ಮನೆಗೆ ತಂದ ಮೇಲೆ

ಸಬ್‌ವೂಫರಿಗೆ ತನ್ನದೇ ಆಂಪ್ಲಿಫೈಯರ್ ಇದ್ದರೆ ರಿಸೀವರಿನ ಭಾರವನ್ನು ಅದೂ ಹೊರುತ್ತದೆ. ಸೆಟಪ್ ಮೆನುವಿನಲ್ಲಿ ಎಲ್ಲ ಸ್ಪೀಕರುಗಳನ್ನೂ ಸ್ಮಾಲ್ ಎಂದು ಇಡಿ, ಕ್ರಾಸ್‌ಓವರ್ (ತಳದ ಸದ್ದು ಸಬ್‌ವೂಫರಿಗೆ ತಿರುಗುವ ಗಡಿ) 80 ಹರ್ಟ್ಜ್ ಮಾಡಿ. ತಳದ ಸದ್ದೇ ಹೆಚ್ಚು ವ್ಯಾಟ್ ತಿನ್ನುವುದು. ಅದೆಲ್ಲ ಸಬ್‌ವೂಫರಿಗೆ ಹೋದರೆ ಉಳಿದ ಸ್ಪೀಕರುಗಳಲ್ಲಿ ಮಾತು ತಿಳಿಯಾಗುತ್ತದೆ. ಮೆನುವಿನಲ್ಲಿರುವ ಓಮ್ ಆಯ್ಕೆಯನ್ನು 4 ಅಥವಾ 6ಕ್ಕೆ ಇಳಿಸಿದರೆ ಹಲವು ಯಂತ್ರಗಳಲ್ಲಿ ವೋಲ್ಟೇಜಿಗೆ ಕಡಿವಾಣ ಬಿದ್ದು ಶಕ್ತಿ ಇಳಿಯುತ್ತದೆ. 8 ಓಮ್ ಸ್ಪೀಕರಿದ್ದರೆ ಅದನ್ನು ಮುಟ್ಟಬೇಡಿ.

ವೈರ್ 30 ಅಡಿ ಒಳಗಿದ್ದರೆ 1.5 ಸ್ಕ್ವೇರ್ ಎಂಎಂ ತಾಮ್ರ ಸಾಕು, ದೂರ ಇದ್ದರೆ 2.5. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಯಂತ್ರದ ಮೇಲೆ ಕನಿಷ್ಠ ಒಂದು ಗೇಣು ಜಾಗ ಬಿಡಿ. ಗಾಜಿನ ಬಾಗಿಲಿನ ಶೋಕೇಸಿನೊಳಗೆ ಮುಚ್ಚಿಡಬೇಡಿ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಸಂಜೆ ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಇರುವ ಯಂತ್ರದ ಶಕ್ತಿ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. 80 ವ್ಯಾಟ್ ಇದ್ದದ್ದು 55ರ ಹತ್ತಿರ ಬರುತ್ತದೆ. ಜೋರಿನಲ್ಲಿ ಜಾಸ್ತಿ ಗೊತ್ತಾಗುವುದಿಲ್ಲ, ಆದರೆ ಕ್ಲಿಪ್ಪಿಂಗ್ ಬೇಗ ಬರುತ್ತದೆ. ಅಂಥ ಕಡೆ 1 ಕೆವಿಎ ಅಥವಾ ಮೇಲಿನ ಸ್ಟೆಬಿಲೈಜರ್ ಹಾಕಿ.

ಭಾವನ ಹಾಲಿನಲ್ಲಿ ಈಗಿರುವುದು 8 ಓಮ್‌ಗೆ 80 ವ್ಯಾಟ್ ಎಂದು ಬರೆದ ರಿಸೀವರ್, 90 ಡೆಸಿಬೆಲ್ಲಿನ ಸ್ಪೀಕರ್, ಒಂದು ಸಬ್‌ವೂಫರ್. ಸೋಫಾ 13 ಅಡಿ ದೂರ. ಕಳೆದ ದೀಪಾವಳಿಗೆ ನೆಂಟರೆಲ್ಲ ಕೂತಾಗ ವಾಲ್ಯೂಮ್ −18ರಲ್ಲಿತ್ತು. ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಅಕ್ಕನಿಗೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

ಅವರಿಗೆ ನಾನು ಬರೆದುಕೊಟ್ಟ ಚೀಟಿಯ ಕೊನೇ ಸಾಲು ಸಿಡಿಲಿನದು. ಭರಣಿ, ಕೃತ್ತಿಕೆ ಮಳೆಯಲ್ಲಿ ಗುಡುಗು ದೂರ ಇರುವಾಗಲೇ ರಿಸೀವರ್, ಟಿವಿ, ಸಬ್‌ವೂಫರ್ ಮೂರರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್‌ನಿಂದ ಬರುವ ಕೇಬಲನ್ನೂ ಸೆಟ್‌ಟಾಪ್ ಬಾಕ್ಸಿನಿಂದ ತಿರುಗಿಸಿ ತೆಗೆಯಿರಿ. ಮಾಡಿನ ಮೇಲಿಂದ ಬರುವ ಆ ತಂತಿಯಲ್ಲಿ ಇಳಿದ ಸಿಡಿಲು ಎಚ್‌ಡಿಎಂಐ ಹಾದು ರಿಸೀವರಿಗೂ ತಲುಪುತ್ತದೆ.